ಕೆಲಸ ಇಲ್ಲದಾಗ ಮನೆ ಕಂದಾಯದ ಬಾಕಿ: ದಾವಣಗೆರೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಸಂಬಳ ನಿಂತ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ನಿಲ್ಲುವುದು ಮನೆ ಕಂದಾಯ. ಕಾರಣ ಸುಲಭ. ಬೈಕ್ ಸಾಲದವರು ಫೋನ್ ಮಾಡುತ್ತಾರೆ, ಸಂಘದವರು ವಾರ ವಾರ ಬಾಗಿಲಿಗೆ ಬರುತ್ತಾರೆ, ಶಾಲೆಯವರು ಮಗುವಿನ ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಪಾಲಿಕೆಯಿಂದ ಹಾಗೆ ಯಾರೂ ಬರುವುದಿಲ್ಲ. ಒಂದು ವರ್ಷ ಹೋಗುತ್ತದೆ, ಎರಡು ವರ್ಷ ಹೋಗುತ್ತದೆ. ಆಮೇಲೆ ಒಂದು ದಿನ ಮಗಳ ಮದುವೆಗೋ, ಬ್ಯಾಂಕ್ ಸಾಲಕ್ಕೋ, ಆಸ್ತಿಯ ಡಿಜಿಟಲ್ ದಾಖಲೆಯಾದ ಇ-ಖಾತಾಕ್ಕೋ ಕಂದಾಯದ ರಸೀದಿ ಬೇಕಾಗುತ್ತದೆ. ಆಗ ಲೆಕ್ಕ ತೆಗೆಸಿದರೆ ಎದೆ ಧಸಕ್ಕೆನ್ನುತ್ತದೆ.

ಕೆಲಸ ಕಳಕೊಂಡವರು, ಗೃಹಲಕ್ಷ್ಮಿ, ಯುವನಿಧಿ, ಪಿಂಚಣಿ ಅಂತ ಬರುವ ದುಡ್ಡಿನಲ್ಲೇ ಮನೆ ನಡೆಸುತ್ತಿರುವವರು ಈ ಬಾಕಿಯನ್ನು ಹೇಗೆ ನಿಭಾಯಿಸಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮುಖ್ಯವಾಗಿ ದಾವಣಗೆರೆ ಮಹಾನಗರ ಪಾಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಚಿತ್ರದುರ್ಗ, ಹರಿಹರ ನಗರಸಭೆಯವರಿಗೂ ಬಹುಪಾಲು ಇದೇ ದಾರಿ. ಅಲ್ಲಿ ಆಯುಕ್ತರ ಬದಲು ಪೌರಾಯುಕ್ತರು ಇರುತ್ತಾರೆ, ಅಷ್ಟೇ.

ಮೊದಲು ಎರಡು ಮಾತು ನೇರವಾಗಿ ಹೇಳಿಬಿಡುತ್ತೇನೆ

ಕೆಲಸ ಇಲ್ಲ ಅನ್ನುವ ಕಾರಣಕ್ಕೆ ಮನೆ ಕಂದಾಯ, ಅಂದರೆ ಆಸ್ತಿ ತೆರಿಗೆ, ಮನ್ನಾ ಆಗುವುದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೂ ಆಗುವುದಿಲ್ಲ. ಈ ತೆರಿಗೆ ನಿಮ್ಮ ಆದಾಯದ ಮೇಲೆ ಹಾಕಿದ್ದಲ್ಲ, ಮನೆ ಮತ್ತು ಜಾಗದ ಮೇಲೆ ಹಾಕಿದ್ದು. ಬಾಕಿ ಕೂಡ ಆಸ್ತಿಯ ಮೇಲೇ ಕೂರುತ್ತದೆ. ಮನೆ ಮಾರಿದರೆ ಕೊಂಡವರ ಜೊತೆ ಹೋಗುತ್ತದೆ, ಯಜಮಾನರು ತೀರಿಕೊಂಡರೆ ಮಕ್ಕಳ ಪಾಲಿಗೆ ಬರುತ್ತದೆ.

ಎರಡನೆಯದು ದಂಡ. ಏಪ್ರಿಲ್‌ನಲ್ಲಿ ಆ ವರ್ಷದ ತೆರಿಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ 2 ದಂಡ. ಕೆಲವು ವರ್ಷ ಸರ್ಕಾರ ರಿಯಾಯಿತಿಯ ಗಡುವನ್ನು ಮುಂದೂಡಿದ್ದೂ ಉಂಟು, ಆದರೆ ಅದನ್ನು ನಂಬಿ ಕೂರಬಾರದು. ತಿಂಗಳಿಗೆ ಎರಡು ಅಂದರೆ ಸಣ್ಣದಾಗಿ ಕೇಳಿಸುತ್ತದೆ. ವರ್ಷಕ್ಕೆ ಶೇ 24 ಆಯಿತು ಅಲ್ವಾ? ಬ್ಯಾಂಕಿನಲ್ಲಿ ಬಂಗಾರ ಅಡ ಇಟ್ಟರೂ ಇಷ್ಟು ಬಡ್ಡಿ ಇರುವುದಿಲ್ಲ.

ಒಂದು ಲೆಕ್ಕ ನೋಡಿ. ವರ್ಷಕ್ಕೆ 3,000 ರೂಪಾಯಿ ತೆರಿಗೆ ಇರುವ ಸಣ್ಣ ಮನೆ. 2022-23, 2023-24, 2024-25 ಮೂರು ವರ್ಷ ಕಟ್ಟಿಲ್ಲ. 2025ರ ಜೂನ್ ಕೊನೆಗೆ ಮೊದಲ ವರ್ಷದ ತೆರಿಗೆಗೆ 36 ತಿಂಗಳ ದಂಡ, ಅಂದರೆ 2,160. ಎರಡನೇ ವರ್ಷದ್ದಕ್ಕೆ 24 ತಿಂಗಳು, 1,440. ಮೂರನೆಯದಕ್ಕೆ 12 ತಿಂಗಳು, 720. ತೆರಿಗೆ 9,000, ದಂಡ 4,320, ಒಟ್ಟು 13,320. ಇದರ ಮೇಲೆ ಆರೋಗ್ಯ ಕರ, ಗ್ರಂಥಾಲಯ ಕರದಂಥವು ಬೇರೆ. ಮೂರು ವರ್ಷ ಸುಮ್ನೆ ಕೂತಿದ್ದಕ್ಕೆ ಸುಮಾರು ಒಂದೂವರೆ ವರ್ಷದ ತೆರಿಗೆಯನ್ನು ಹೆಚ್ಚುವರಿಯಾಗಿ ಕಟ್ಟಬೇಕು.

ಹಾಗಾಗಿ ಕೈಯಲ್ಲಿ ದುಡ್ಡು ಇಲ್ಲದಿದ್ದರೂ ಪಾಲಿಕೆಗೆ ಹೋಗಿ. ದುಡ್ಡು ಬಂದ ಮೇಲೆ ಹೋದರಾಯಿತು ಅಂತ ಕಾಯುವುದೇ ಎಲ್ಲರನ್ನೂ ಮುಳುಗಿಸುವುದು. ಮೊದಲ ಸಲ ಹೋಗುವುದು ಕಟ್ಟಲಿಕ್ಕೆ ಅಲ್ಲ, ಲೆಕ್ಕ ತಿಳಿಯಲಿಕ್ಕೆ.

ಹಂತ 1: ಪೂರ್ತಿ ಲೆಕ್ಕ ಕೈಗೆ ತಗೊಳ್ಳಿ

ನಿಮ್ಮ ವಾರ್ಡು ಯಾವ ವಲಯ ಕಚೇರಿಗೆ ಸೇರುತ್ತದೆ ಅಂತ ತಿಳಿದುಕೊಳ್ಳಿ. ದಾವಣಗೆರೆಯಲ್ಲಿ 45 ವಾರ್ಡುಗಳಿವೆ. ವಾರ್ಡುಗಳಿಗೆ ಕರ ವಸೂಲಿಗಾರರು ಇರುತ್ತಾರೆ. ಎಲ್ಲರೂ ಬಿಲ್ ಕಲೆಕ್ಟರ್ ಅನ್ನುವುದು ಅವರನ್ನೇ. ಅವರ ಮೇಲೆ ಕಂದಾಯ ನಿರೀಕ್ಷಕರು, ಅಂದರೆ ರೆವಿನ್ಯೂ ಇನ್‌ಸ್ಪೆಕ್ಟರ್.

ಹೋಗುವಾಗ ಹಳೆಯ ಕಂದಾಯದ ರಸೀದಿ ಯಾವುದಾದರೂ ಒಂದು ಇರಲಿ. ಎಷ್ಟು ಹಳೆಯದಾದರೂ ಪರವಾಗಿಲ್ಲ. ಅದರಲ್ಲಿ ಆಸ್ತಿ ಸಂಖ್ಯೆ ಇರುತ್ತದೆ. ರಸೀದಿ ಸಿಗದಿದ್ದರೆ ಖಾತಾ ನಕಲು ಅಥವಾ ಕ್ರಯಪತ್ರ. ಅದೂ ಇಲ್ಲದಿದ್ದರೆ ಪಕ್ಕದ ಮನೆಯವರ ರಸೀದಿಯ ಫೋಟೋ ತಗೊಂಡು ಹೋಗಿ. ಅವರ ಸಂಖ್ಯೆಯ ಹಿಂದೆ ಮುಂದೆ ಹುಡುಕಿದರೆ ನಿಮ್ಮದು ಸಿಗುತ್ತದೆ.

ಅಲ್ಲಿ ಕೇಳಬೇಕಾದದ್ದು ಇಷ್ಟು: "ಸರ್, ಈ ಮನೆಯ ಬಾಕಿ ವರ್ಷವಾರು ಎಷ್ಟಿದೆ? ತೆರಿಗೆ ಬೇರೆ, ದಂಡ ಬೇರೆ, ಕರ ಬೇರೆ ಮಾಡಿ ಪ್ರಿಂಟ್ ಕೊಡ್ತೀರಾ?" ಬಾಯಲ್ಲಿ ಹೇಳಿದ ಒಟ್ಟು ಮೊತ್ತಕ್ಕೆ ತೃಪ್ತರಾಗಬೇಡಿ. "ಹದಿಮೂರು ಸಾವಿರ ಚಿಲ್ಲರೆ ಆಗುತ್ತೆ ಕಣಮ್ಮ" ಅಂದರೆ ಅದು ಲೆಕ್ಕ ಅಲ್ಲ. ವರ್ಷವಾರು ಪಟ್ಟಿ ಕೈಯಲ್ಲಿದ್ದರೆ ಮಾತ್ರ ಮುಂದಿನ ಹಂತ ಸಾಧ್ಯ.

ಆ ಪಟ್ಟಿಯಲ್ಲಿ ತೆರಿಗೆಯ ಜೊತೆ ಬೇರೆ ಸಾಲುಗಳೂ ಇರುತ್ತವೆ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಇವು ತೆರಿಗೆಯ ಮೊತ್ತದ ಮೇಲೆ ಹಾಕುವಂಥವು. ಕಸ ವಿಲೇವಾರಿ ಶುಲ್ಕವೂ ಸೇರಿರುತ್ತದೆ. ಯಾರೋ ದುಡ್ಡು ಹೊಡೆಯಲು ಸೇರಿಸಿದ್ದಾರೆ ಅಂತ ಜಗಳ ಮಾಡಬೇಡಿ, ಇವು ಕಾನೂನಿನಲ್ಲೇ ಇರುವ ಕರಗಳು.

ನೀರಿನ ಬಾಕಿಯನ್ನೂ ಅದೇ ದಿನ ಕೇಳಿ. ಅದರ ಲೆಕ್ಕವೇ ಬೇರೆ, ರಸೀದಿಯೇ ಬೇರೆ. ಜಲಸಿರಿ ಯೋಜನೆಯಲ್ಲಿ ಮೀಟರ್ ಕೂರಿಸಿದ ಬಡಾವಣೆಗಳಲ್ಲಿ ಬಳಸಿದಷ್ಟಕ್ಕೆ ಬಿಲ್ ಬರುತ್ತದೆ. ಬಿಲ್ ಏಕಾಏಕಿ ಜಾಸ್ತಿ ಬಂದಿದ್ದರೆ ಮೀಟರಿನ ಆಚೆ ಪೈಪು ಸೋರುತ್ತಿದೆಯಾ ನೋಡಿಸಿ. ಸೋರಿಕೆ ನಿಲ್ಲಿಸದೆ ಬಾಕಿ ಕಟ್ಟುವುದು ದುಡ್ಡು ದಂಡ.

ಹಂತ 2: ಲೆಕ್ಕ ಸರಿಯಿದೆಯಾ ನೋಡಿ

ಇದಕ್ಕೆ ಸ್ವಲ್ಪ ಸಮಯ ಕೊಡಿ. ಕೆಲಸ ಇಲ್ಲದವರ ಹತ್ತಿರ ದುಡ್ಡು ಇರುವುದಿಲ್ಲ, ಸಮಯ ಇರುತ್ತದೆ. ಆ ಸಮಯದಿಂದ ನಿಜವಾಗಿ ದುಡ್ಡು ಉಳಿಯುವುದು ಈ ಹಂತದಲ್ಲಿ.

ನಮ್ಮಲ್ಲಿ ಆಸ್ತಿ ತೆರಿಗೆ ಸ್ವಯಂ ಘೋಷಣೆಯ ಪದ್ಧತಿಯಲ್ಲಿದೆ. ಜಾಗದ ಅಳತೆ, ಕಟ್ಟಡದ ಅಳತೆ, ಯಾವ ಬಗೆಯ ಕಟ್ಟಡ, ಎಷ್ಟು ವರ್ಷ ಹಳೆಯದು, ವಾಸಕ್ಕೋ ವ್ಯಾಪಾರಕ್ಕೋ, ಇಷ್ಟರ ಮೇಲೆ ಮಾರ್ಗಸೂಚಿ ಬೆಲೆ ಹಿಡಿದು ಲೆಕ್ಕ ಆಗುತ್ತದೆ. ಇದರಲ್ಲಿ ಒಂದು ತಪ್ಪು ನಮೂದಾಗಿದ್ದರೆ ವರ್ಷ ವರ್ಷವೂ ಅದೇ ತಪ್ಪು ಮುಂದುವರಿಯುತ್ತದೆ, ದಂಡವೂ ಆ ತಪ್ಪು ಮೊತ್ತದ ಮೇಲೇ ಬೀಳುತ್ತದೆ.

ಮೊದಲು ಬಳಕೆ ನೋಡಿ. ಮನೆ ಮುಂದಿನ ಕೋಣೆಯಲ್ಲಿ ಹಿಂದೆ ಕಿರಾಣಿ ಅಂಗಡಿಯೋ, ಟೈಲರಿಂಗೋ ಇತ್ತು. ಈಗ ಮುಚ್ಚಿದೆ, ಅಲ್ಲಿ ಅಜ್ಜಿ ಮಲಗುತ್ತಾರೆ. ದಾಖಲೆಯಲ್ಲಿ ಮಾತ್ರ ಅದು ಇನ್ನೂ ವಾಣಿಜ್ಯ. ವಾಣಿಜ್ಯದ ದರ ವಾಸದ ದರಕ್ಕಿಂತ ಜಾಸ್ತಿ. ಬಳಕೆ ಬದಲಾಗಿದೆ, ಸ್ಥಳ ತನಿಖೆ ಮಾಡಿ ಅಂತ ಅರ್ಜಿ ಕೊಡಿ.

ಆಮೇಲೆ ಕಟ್ಟಡದ ಬಗೆ ಮತ್ತು ವಯಸ್ಸು. ಶೀಟಿನ ಮನೆ, ಹಂಚಿನ ಮನೆಗೆ ಆರ್‌ಸಿಸಿ ಅಂತ ಬರೆದಿರಬಹುದು. ಹಳೆಯ ಕಟ್ಟಡಕ್ಕೆ ಸವಕಳಿ ಕಳೆಯಲು ಅವಕಾಶ ಇದೆ. ಕಟ್ಟಿದ ವರ್ಷ ತಪ್ಪಿದ್ದರೆ ಆ ಲಾಭ ಸಿಗುವುದಿಲ್ಲ. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಕಾರ್ಮಿಕರು ಕಟ್ಟಿಕೊಂಡ ಎಷ್ಟೋ ಮನೆಗಳು ಈ ಊರಿನಲ್ಲಿವೆ. ಆ ಮನೆಗಳ ವಯಸ್ಸನ್ನು ಮೊದಲು ಪರೀಕ್ಷಿಸಿ. ಸಾಕ್ಷಿಗೆ ಹಳೆಯ ವಿದ್ಯುತ್ ಬಿಲ್, ಹಳೆಯ ಕಂದಾಯದ ರಸೀದಿ, ಕಟ್ಟಡ ಪರವಾನಗಿ ಯಾವುದಿದ್ದರೂ ಸರಿ.

ಮೂರನೆಯದು, ಕಟ್ಟಿದ್ದೂ ಬಾಕಿ ಅಂತ ತೋರಿಸುತ್ತಿರುವುದು. ಕೈ ಬರಹದ ರಸೀದಿಯ ಕಾಲದಿಂದ ಕಂಪ್ಯೂಟರಿಗೆ ಬರುವಾಗ ಕೆಲವು ವರ್ಷಗಳ ಪಾವತಿ ಏರದೇ ಉಳಿದಿರಬಹುದು. ಬೀರುವಿನ ಮೂಲೆ, ಅಪ್ಪನ ಹಳೆಯ ಸೂಟ್‌ಕೇಸು, ದೇವರ ಮನೆಯ ಗೂಡು, ಎಲ್ಲಾ ಹುಡುಕಿ. ರಸೀದಿ ಸಿಕ್ಕಿದರೆ ಮೂಲ ಪ್ರತಿ ಯಾರಿಗೂ ಕೊಡಬೇಡಿ, ನಕಲು ಕೊಟ್ಟು ಮೂಲ ತೋರಿಸಿ. ಬ್ಯಾಂಕಿನಲ್ಲಿ ಚಲನ್ ಕಟ್ಟಿದ್ದರೆ ಪಾಸ್‌ಬುಕ್ಕಿನ ನಮೂದೂ ಸಾಕ್ಷಿಯೇ.

ಮನೆಯಲ್ಲಿ ಮಾಜಿ ಸೈನಿಕರಿದ್ದು, ಅವರೇ ಆ ಮನೆಯಲ್ಲಿ ವಾಸವಿದ್ದರೆ ತೆರಿಗೆ ರಿಯಾಯಿತಿಯ ಬಗ್ಗೆ ತಪ್ಪದೆ ಕೇಳಿ. ಅರ್ಜಿ ಕೊಡದೆ ಅದು ತಾನಾಗಿ ಬರುವುದಿಲ್ಲ.

ತಪ್ಪು ಕಂಡರೆ ಬರವಣಿಗೆಯಲ್ಲೇ ತಕರಾರು ಕೊಡಿ. ಕಚೇರಿಯ ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಕಿನ ಸಮೇತ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಟ್ಟಂತಲ್ಲ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: "ನನ್ನ ಇಂಥ ತಾರೀಕಿನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ದಾಖಲೆ ಕೊಡಿ". ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ನಕಲು ಲಗತ್ತಿಸಿದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕಥೆ ಬರೆಯದೆ ಪ್ರಶ್ನೆ ಮಾತ್ರ ಬರೆಯಿರಿ.

ಖಾತೆ ಅಪ್ಪನ ಹೆಸರಿನಲ್ಲೇ ಇದ್ದರೆ

ದಾವಣಗೆರೆಯ ಹಳೆಯ ಓಣಿಗಳಲ್ಲಿ ಬಾಕಿ ಬೆಳೆಯಲು ಬಡತನದಷ್ಟೇ ದೊಡ್ಡ ಕಾರಣ ಇದು. ಅಪ್ಪ ತೀರಿಕೊಂಡಿರುತ್ತಾರೆ. ಮೂರು ಜನ ಮಕ್ಕಳು. ಒಬ್ಬ ಬೆಂಗಳೂರಿನಲ್ಲಿ, ಒಬ್ಬಳನ್ನು ರಾಣೆಬೆನ್ನೂರಿಗೆ ಕೊಟ್ಟಿದೆ, ಕೆಲಸ ಇಲ್ಲದವನು ಆ ಮನೆಯಲ್ಲೇ ಇದ್ದಾನೆ. "ಮನೆಯಲ್ಲಿರೋನು ನೀನು, ನೀನೇ ಕಟ್ಟು" ಅನ್ನುತ್ತಾರೆ ಉಳಿದವರು. "ಮನೆ ಮೂವರದ್ದೂ, ನಾನೊಬ್ಬನೇ ಯಾಕೆ ಕಟ್ಟಲಿ" ಅನ್ನುತ್ತಾನೆ ಇವನು. ಇಬ್ಬರ ಮಾತಿನಲ್ಲೂ ಅರ್ಥ ಇದೆ. ಅಷ್ಟರಲ್ಲಿ ತಿಂಗಳಿಗೆ ಎರಡರಂತೆ ದಂಡ ಮೂವರ ಪಾಲಿನಿಂದಲೂ ಹೋಗುತ್ತಿರುತ್ತದೆ.

ಇಲ್ಲಿ ಮೂರು ವಿಷಯ ಗೊತ್ತಿರಲಿ. ಖಾತೆ ತೀರಿಕೊಂಡವರ ಹೆಸರಿನಲ್ಲಿದ್ದರೂ ತೆರಿಗೆ ಕಟ್ಟಬಹುದು, ರಸೀದಿ ಅವರ ಹೆಸರಿನಲ್ಲೇ ಬರುತ್ತದೆ. ಯಾರು ಕಟ್ಟಿದರೂ ಅದರಿಂದ ಮನೆ ಅವರೊಬ್ಬರದ್ದೇ ಆಗುವುದಿಲ್ಲ. ಆದ್ದರಿಂದ ದೂರದ ಅಣ್ಣ ಕಟ್ಟಲು ಮುಂದೆ ಬಂದರೆ ಹೆದರಬೇಡಿ, ನೀವು ಕಟ್ಟಿದರೆ ಹಕ್ಕು ಬಂತು ಅಂತ ತಿಳಿಯಲೂ ಬೇಡಿ. ಮೂರನೆಯದು, ಕಟ್ಟಿದವರು ರಸೀದಿ ಇಟ್ಟುಕೊಂಡರೆ ಮುಂದೆ ಪಾಲು ಆಗುವಾಗ ಅದನ್ನು ಲೆಕ್ಕಕ್ಕೆ ಹಿಡಿಯಲು ಕೇಳಬಹುದು.

ಬಾಕಿಯ ಪಟ್ಟಿಯ ಫೋಟೋ ತೆಗೆದು ಅಣ್ಣ ತಂಗಿಯರ ವಾಟ್ಸಾಪ್ ಗುಂಪಿಗೆ ಹಾಕಿ. ಜಗಳದ ಮಾತು ಬೇಡ. "ಇಷ್ಟು ಬಾಕಿ ಇದೆ, ತಿಂಗಳಿಗೆ ಇಷ್ಟು ಏರುತ್ತಿದೆ, ನನಗೆ ಈಗ ಕೆಲಸ ಇಲ್ಲ, ತಲಾ ಇಷ್ಟು ಹಾಕಿದರೆ ಮುಗಿಯುತ್ತದೆ" ಅಂದರೆ ಸಾಕು. ಅಂಕಿ ಕಣ್ಣಿಗೆ ಬಿದ್ದರೆ ಹಲವರು ಕೊಡುತ್ತಾರೆ. ಬಾಕಿ ತೀರಿದ ಮೇಲೆ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಬಾಕಿ ಇಟ್ಟುಕೊಂಡು ಖಾತೆ ಕೇಳಿದರೆ ಕೆಲಸ ಮುಂದೆ ಹೋಗುವುದಿಲ್ಲ.

ಹಂತ 3: ನಿಮಗೆ ಬರಬೇಕಾದ ದುಡ್ಡು ಬಂದಿದೆಯಾ?

ಸಾಲ ಮಾಡುವ ಮುಂಚೆ ಇದನ್ನು ಮುಗಿಸಿ. ಕೆಲಸ ಹೋದ ಎಷ್ಟೋ ಜನ ತಮ್ಮದೇ ದುಡ್ಡನ್ನು ಬಿಟ್ಟು ಬಂದಿರುತ್ತಾರೆ.

ಕಂಪನಿಯಲ್ಲಿ ಪಿಎಫ್ ಕಡಿತ ಆಗುತ್ತಿದ್ದರೆ, ಕೆಲಸ ಬಿಟ್ಟ ಮೇಲೆ ಶೇ 75ರವರೆಗೆ ತೆಗೆಯಬಹುದು. ಯುಎಎನ್ (ಪಿಎಫ್ ಖಾತೆಯ) ಸಂಖ್ಯೆ ಮತ್ತು ಆಧಾರ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ. ಕಂಪನಿಯವರು ಕೆಲಸ ಬಿಟ್ಟ ತಾರೀಕು ಹಾಕಿಲ್ಲದಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಅದನ್ನು ಮೊದಲು ನೋಡಿ. ಆದರೆ ಕಂದಾಯಕ್ಕಾಗಿ ಪಿಎಫ್ ಪೂರ್ತಿ ಬರಿದು ಮಾಡಬೇಡಿ. ಬಾಕಿಗೆ ಬೇಕಾದಷ್ಟು ಮತ್ತು ನಾಲ್ಕು ತಿಂಗಳ ಊಟಕ್ಕೆ ಬೇಕಾದಷ್ಟು ತೆಗೆದರೆ ಸಾಕು. ಒಂದೇ ಕಡೆ ಸತತ 5 ವರ್ಷ ದುಡಿದಿದ್ದರೆ ಗ್ರಾಚ್ಯುಟಿಯೂ ಬರಬೇಕು. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ ಇದ್ದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಒಂದಿದೆ. 2018ರ ಜುಲೈಯಲ್ಲಿ ಶುರುವಾದದ್ದು. ಕೆಲಸ ಕಳಕೊಂಡವರಿಗೆ ಸರಾಸರಿ ದಿನಗೂಲಿಯ ಶೇ 50ರಂತೆ 90 ದಿನದವರೆಗೆ ಕೊಡುತ್ತಾರೆ, ಜೀವಮಾನದಲ್ಲಿ ಒಂದೇ ಸಲ. ಕೆಲಸ ಹೋಗುವ ಮುಂಚೆ ಕನಿಷ್ಠ 2 ವರ್ಷ ವಿಮೆಯಲ್ಲಿ ಇರಬೇಕು. ಈ ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ, ಆದ್ದರಿಂದ ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿಕೊಂಡು ಅರ್ಜಿ ಹಾಕಿ. ಗಾರ್ಮೆಂಟ್ಸಿನಲ್ಲಿ ದುಡಿದು ಮನೆಗೆ ಬಂದ ಹೆಣ್ಣುಮಕ್ಕಳು ಇದನ್ನು ಖಂಡಿತ ವಿಚಾರಿಸಬೇಕು.

ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಗರಿಷ್ಠ 2 ವರ್ಷ. ಓದು ಮುಗಿದು 180 ದಿನ ಕೆಲಸ ಸಿಗದಿದ್ದರೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ. ಇನ್ನೂ ಕೆಲಸ ಸಿಕ್ಕಿಲ್ಲ ಅನ್ನುವ ಸ್ವಯಂ ಘೋಷಣೆ ಕೊಡುತ್ತಿರಬೇಕು. ಅದನ್ನು ಮರೆತರೆ ದುಡ್ಡು ನಿಲ್ಲುತ್ತದೆ. ಮನೆಯಲ್ಲಿ 65 ದಾಟಿದ ಹಿರಿಯರಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ನಾಡಕಚೇರಿಯಲ್ಲಿ ವಿಚಾರಿಸಿ.

ಗೃಹಲಕ್ಷ್ಮಿಯ ಬಗ್ಗೆ ಒಂದು ಭಯ ಊರಲ್ಲೆಲ್ಲಾ ಇದೆ. "ಟ್ಯಾಕ್ಸ್ ಕಟ್ಟುವವರಿಗೆ ಗೃಹಲಕ್ಷ್ಮಿ ಬರಲ್ಲವಂತೆ, ಮನೆ ಟ್ಯಾಕ್ಸ್ ಕಟ್ಟಿದರೆ 2,000 ನಿಂತುಹೋದರೆ ಏನು ಗತಿ" ಅಂತ ಬೇಕೆಂದೇ ಕಟ್ಟದವರನ್ನು ನೋಡಿದ್ದೇನೆ. ಆ ಷರತ್ತು ಆದಾಯ ತೆರಿಗೆ ಮತ್ತು ಜಿಎಸ್‌ಟಿ ಕಟ್ಟುವವರಿಗೆ ಮಾತ್ರ. ಮನೆ ಕಂದಾಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕಂದಾಯ ಕಟ್ಟಿದರೆ ಗೃಹಲಕ್ಷ್ಮಿ ನಿಲ್ಲುವುದಿಲ್ಲ, ರೇಷನ್ ಕಾರ್ಡೂ ರದ್ದಾಗುವುದಿಲ್ಲ. ಇದನ್ನು ನಿಮ್ಮ ಅಕ್ಕಪಕ್ಕದ ಹೆಣ್ಣುಮಕ್ಕಳಿಗೆ ದಯವಿಟ್ಟು ಹೇಳಿ.

ಇನ್ನೊಂದು ತೊಂದರೆ, ಯೋಜನೆಯ ದುಡ್ಡು ಬಿದ್ದ ಕೂಡಲೇ ಹಳೆಯ ಸಾಲಕ್ಕೆ ಬ್ಯಾಂಕು ಹಿಡಿದುಕೊಳ್ಳುವುದು. ಹಾಗಾಗುತ್ತಿದ್ದರೆ ಸಾಲವಿಲ್ಲದ ಬೇರೆ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಖಾತೆ ತೆರೆದು ಆಧಾರ್ ಜೋಡಣೆಯನ್ನು ಅಲ್ಲಿಗೆ ಬದಲಿಸಿಕೊಳ್ಳಿ.

ಹಂತ 4: ಯಾವುದು ಮೊದಲು, ಯಾವುದು ಆಮೇಲೆ

ಅಕ್ಕಿ ಬೇಳೆ, ಔಷಧ, ಮಕ್ಕಳ ಓದು. ಇದರ ಮುಂದೆ ಯಾವ ತೆರಿಗೆಯೂ ದೊಡ್ಡದಲ್ಲ. ಗೃಹಲಕ್ಷ್ಮಿಯ 2,000 ಪೂರ್ತಿ ತಂದು ಪಾಲಿಕೆಗೆ ಸುರಿದು, ಸಂಜೆ ಎಣ್ಣೆಗೆ ಸಾಲ ಮಾಡಿದರೆ ಏನು ಬಂತು?

ಅದಾದ ಮೇಲೆ ಮನೆ ಸಾಲ ಇದ್ದರೆ ಅದರ ಕಂತು. ಮೂರು ತಿಂಗಳು ತಪ್ಪಿದರೆ ಬ್ಯಾಂಕು ವಸೂಲಿ ಕ್ರಮ ಶುರು ಮಾಡಬಹುದು, ಕಂದಾಯಕ್ಕಿಂತ ಅದು ಬೇಗ ಮನೆಗೆ ಕುತ್ತು ತರುತ್ತದೆ. ಆಮೇಲೆ ನೀರಿನ ಬಾಕಿ, ಯಾಕೆಂದರೆ ಸಂಪರ್ಕ ಕಡಿದರೆ ನಾಳೆಯೇ ಕಷ್ಟ. ಆಮೇಲೆ ಕಂದಾಯ.

ಕಂದಾಯಕ್ಕೆ ಸಾಲ ಮಾಡಬಹುದಾ? ನನ್ನ ಅಭಿಪ್ರಾಯ ಹೀಗಿದೆ. ದಂಡ ವರ್ಷಕ್ಕೆ ಶೇ 24. ಅದಕ್ಕಿಂತ ಕಡಿಮೆ ಬಡ್ಡಿಗೆ ಬ್ಯಾಂಕಿನ ಬಂಗಾರದ ಸಾಲವೋ, ಸ್ತ್ರೀಶಕ್ತಿ ಸಂಘದ ಒಳಸಾಲವೋ ಸಿಕ್ಕಿದರೆ, ತೀರಿಸುವ ದಾರಿ ಕಣ್ಣಿಗೆ ಕಾಣುತ್ತಿದ್ದರೆ, ಆಗ ಲೆಕ್ಕ ಸರಿಹೋಗುತ್ತದೆ. ಪಿಎಫ್ ಬರುವುದು ಖಾತ್ರಿಯಿದೆ, ಎರಡು ತಿಂಗಳು ತಡವಾಗುತ್ತಿದೆ ಅನ್ನುವಂಥ ಸಂದರ್ಭಕ್ಕೆ ಇದು ಒಪ್ಪುತ್ತದೆ. ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಬೇಡಿ. ತಿಂಗಳಿಗೆ ನೂರಕ್ಕೆ ಐದೋ ಹತ್ತೋ ಬಡ್ಡಿಗೆ ತಂದು ನೂರಕ್ಕೆ ಎರಡರ ದಂಡ ತೀರಿಸುವುದು ಮನೆಗೆ ಬೆಂಕಿ ಹಚ್ಚಿ ಚಳಿ ಕಾಯಿಸಿಕೊಂಡ ಹಾಗೆ.

ಹಂತ 5: ಕಂತಿಗೆ ಅರ್ಜಿ ಕೊಡಿ

ಹಳೆಯ ಬಾಕಿಯನ್ನು ಕಂತಿನಲ್ಲಿ ಕಟ್ಟುತ್ತೇನೆ ಅನ್ನುವುದನ್ನು ಹಕ್ಕು ಅಂತ ಭಾವಿಸಬೇಡಿ, ಅದು ಕೋರಿಕೆ. ಆದರೂ ಬರವಣಿಗೆಯಲ್ಲಿ ಕೊಡುವುದಕ್ಕೆ ಬೆಲೆ ಇದೆ. ಕಟ್ಟುವ ಮನಸ್ಸಿದೆ ಅನ್ನುವುದಕ್ಕೆ ದಾಖಲೆ ಆಗುತ್ತದೆ, ಮುಂದೆ ನೋಟಿಸ್ ಬಂದರೆ ತೋರಿಸಲು ಕಾಗದ ಇರುತ್ತದೆ. ಅರ್ಜಿ ಹೀಗೆ ಬರೆಯಬಹುದು:

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ದಾವಣಗೆರೆ.

ವಿಷಯ: ಆಸ್ತಿ ತೆರಿಗೆ ಬಾಕಿಯನ್ನು ಕಂತುಗಳಲ್ಲಿ ಪಾವತಿಸಲು ಅವಕಾಶ ಕೋರಿ.

ಮಾನ್ಯರೇ,
ವಾರ್ಡ್ ನಂ. ......, ಆಸ್ತಿ ಸಂಖ್ಯೆ ...... ರ ಮನೆಯಲ್ಲಿ ನಾನು ಕುಟುಂಬದೊಂದಿಗೆ ವಾಸವಾಗಿದ್ದೇನೆ. ಈ ಮನೆಯ ...... ರಿಂದ ...... ರವರೆಗಿನ ಆಸ್ತಿ ತೆರಿಗೆ ರೂ. ...... ಬಾಕಿ ಇದೆ. ನಾನು ...... ತಾರೀಕಿನಿಂದ ಕೆಲಸ ಕಳೆದುಕೊಂಡಿದ್ದೇನೆ. ಸದ್ಯ ಕುಟುಂಬಕ್ಕೆ ಬರುತ್ತಿರುವ ಆದಾಯ ತಿಂಗಳಿಗೆ ರೂ. ...... ಮಾತ್ರ. ಬಾಕಿಯನ್ನು ಒಂದೇ ಸಲ ಕಟ್ಟಲು ಆಗುತ್ತಿಲ್ಲ. ಇಂದು ರೂ. ...... ಕಟ್ಟಿದ್ದೇನೆ. ಉಳಿದದ್ದನ್ನು ತಿಂಗಳಿಗೆ ರೂ. ...... ರಂತೆ ಕಟ್ಟಲು ಅವಕಾಶ ಕೊಡಬೇಕೆಂದು, ಅಲ್ಲಿಯವರೆಗೆ ವಸೂಲಿ ಕ್ರಮ ಕೈಗೊಳ್ಳಬಾರದೆಂದು ಕೋರುತ್ತೇನೆ.

ಲಗತ್ತು: ಬಾಕಿ ಪಟ್ಟಿ, ಇಂದಿನ ರಸೀದಿ, ಕೆಲಸ ಬಿಟ್ಟ ಪತ್ರ ಅಥವಾ ಪಿಎಫ್ ಪಾಸ್‌ಬುಕ್ ನಕಲು, ಪಡಿತರ ಚೀಟಿ ನಕಲು.

"ಇಂದು ಕಟ್ಟಿದ್ದೇನೆ" ಅನ್ನುವ ಸಾಲನ್ನು ಬಿಡಬೇಡಿ. 500 ಆದರೂ ಸರಿ, ಸ್ವಲ್ಪ ಕಟ್ಟಿ ಅರ್ಜಿ ಕೊಟ್ಟರೆ ಓದುವವರ ಧೋರಣೆಯೇ ಬೇರೆ ಇರುತ್ತದೆ. ತಿಂಗಳ ಮೊತ್ತವನ್ನು ಉತ್ಸಾಹದಲ್ಲಿ ಜಾಸ್ತಿ ಬರೆಯಬೇಡಿ. ಅದು ನಿಮ್ಮ ಕೈಯಿಂದ ಕಷ್ಟದ ತಿಂಗಳಲ್ಲೂ ಆಗುವಂಥದ್ದಾಗಿರಲಿ. ಒಂದು ಕಂತು ತಪ್ಪಿದರೆ ಪೂರ್ತಿ ಮಾತಿನ ಮೇಲೇ ನಂಬಿಕೆ ಹೋಗುತ್ತದೆ.

ಸಾಫ್ಟ್‌ವೇರ್ ಭಾಗಶಃ ಮೊತ್ತ ತಗೊಳ್ಳುವುದಿಲ್ಲ ಅಂದರೆ, ಒಂದೊಂದು ವರ್ಷದ್ದನ್ನಾದರೂ ಪೂರ್ತಿ ಕಟ್ಟಲು ಆಗುತ್ತದಾ ಕೇಳಿ. ಹಳೆಯ ವರ್ಷದಿಂದ ಶುರು ಮಾಡಿಸುತ್ತಾರೆ. ಹಾಗೆಯೇ, ಈ ವರ್ಷದ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿ ಶೇ 5 ಉಳಿಸಲು ಹಳೆಯ ಬಾಕಿ ಅಡ್ಡ ಬರುತ್ತದಾ ಅನ್ನುವುದನ್ನೂ ಕೇಳಿಕೊಳ್ಳಿ.

ದಂಡ ಕಡಿಮೆ ಮಾಡಿ ಅಂತ ಕೌಂಟರಿನಲ್ಲಿ ಕೂತವರ ಹತ್ತಿರ ಗೋಗರೆದು ಪ್ರಯೋಜನವಿಲ್ಲ. ದಂಡ ಮನ್ನಾ ಸರ್ಕಾರದ ಆದೇಶದಿಂದ ಬರಬೇಕು. 2024ರಲ್ಲಿ ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಒಂದು ಬಾರಿಯ ತೀರುವಳಿ ಯೋಜನೆ ಬಂದಾಗ ಅದರ ಸುದ್ದಿ ನಮ್ಮ ಫೋನುಗಳಿಗೂ ಬಂದಿತ್ತು. ಅದು ಬೆಂಗಳೂರಿಗೆ ಮಾತ್ರ ಇದ್ದದ್ದು. ಅಂಥ ಸಂದೇಶ ನಂಬಿ ಕಟ್ಟುವುದನ್ನು ನಿಲ್ಲಿಸಬೇಡಿ. "ದಂಡ ತೆಗೆಸಿಕೊಡ್ತೀನಿ, ನನಗೆ ಇಷ್ಟು ಕೊಡಿ" ಅನ್ನುವ ಮಧ್ಯವರ್ತಿಗೆ ಬಾಗಿಲೇ ತೆರೆಯಬೇಡಿ.

ಹಂತ 6: ಕಟ್ಟುವುದು, ರಸೀದಿ ಇಡುವುದು

ಆನ್‌ಲೈನ್, ಕರ್ನಾಟಕ ಒನ್ ಕೇಂದ್ರ, ಬ್ಯಾಂಕ್ ಚಲನ್ ಯಾವುದಾದರೂ ಸರಿ. ಮನೆ ಬಾಗಿಲಿಗೆ ಬಂದವರ ಕೈಗೆ ನಗದು ಕೊಟ್ಟರೆ ಅಲ್ಲೇ ರಸೀದಿ ಪಡೆಯಿರಿ. "ನಾಳೆ ಕಳಿಸ್ತೀನಿ" ಅಂದರೆ ದುಡ್ಡನ್ನೂ ನಾಳೆಯೇ ಕೊಡಿ. ಯಾರ ವೈಯಕ್ತಿಕ ಫೋನ್‌ಪೇಗೂ ಕಂದಾಯ ಹಾಕಬೇಡಿ. ರಸೀದಿಯಲ್ಲಿ ಆಸ್ತಿ ಸಂಖ್ಯೆ ಮತ್ತು ಯಾವ ವರ್ಷಕ್ಕೆ ಜಮೆಯಾಯಿತು ಅನ್ನುವುದನ್ನು ಅಲ್ಲೇ ನಿಂತು ಓದಿ. ಕಂಪ್ಯೂಟರ್ ರಸೀದಿಯ ಶಾಯಿ ಮಾಸಿಹೋಗುತ್ತದೆ, ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.

ನೋಟಿಸ್ ಬಂದುಬಿಟ್ಟರೆ

ಮೊದಲು ಬರುವುದು ಬೇಡಿಕೆ ನೋಟಿಸ್. ಅದರಲ್ಲಿ ಮೊತ್ತ, ವರ್ಷ, ಗಡುವು ಇರುತ್ತದೆ. ಬಂದ ತಾರೀಕನ್ನು ಲಕೋಟೆಯ ಮೇಲೆ ಬರೆದಿಡಿ. ತಗೊಳ್ಳದೆ ವಾಪಸ್ ಕಳಿಸಿದರೆ ತಪ್ಪಿಸಿಕೊಂಡಂತೆ ಆಗುವುದಿಲ್ಲ, ಬಾಗಿಲಿಗೆ ಅಂಟಿಸಿ ಹೋಗಬಹುದು. ಗಡುವಿನೊಳಗೆ ಉತ್ತರ ಕೊಡಿ: ಲೆಕ್ಕ ತಪ್ಪಿದ್ದರೆ ತಕರಾರು, ಸರಿಯಿದ್ದರೆ ಕಂತಿನ ಕೋರಿಕೆ. ನೋಟಿಸಿಗೂ ಮಣಿಯದಿದ್ದರೆ ಜಪ್ತಿ ವಾರಂಟ್ ಹೊರಡಿಸಿ ಚರಾಸ್ತಿ ಹಿಡಿಯುವ ಅಧಿಕಾರ ಪಾಲಿಕೆಗೆ ಕಾನೂನಿನಲ್ಲಿದೆ. ಅದಕ್ಕೆ ಲಿಖಿತ ವಾರಂಟ್ ಬೇಕು. ಬಾಯಿಮಾತಿನಲ್ಲಿ "ಸಾಮಾನು ಹೊರಗೆ ಹಾಕ್ತೀವಿ" ಅನ್ನುವುದು ವಾರಂಟ್ ಅಲ್ಲ. ಯಾರಾದರೂ ಬಂದರೆ ಗುರುತಿನ ಚೀಟಿ, ವಾರಂಟಿನ ಪ್ರತಿ ಕೇಳಿ, ಮರ್ಯಾದೆಯಿಂದ ಮಾತಾಡಿ, ಫೋಟೋ ತೆಗೆದುಕೊಳ್ಳಿ.

ಅದೇ ದಿನ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನಿನ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ. ಮುಂದಿನ ಲೋಕ ಅದಾಲತ್ತಿಗೆ ನಿಮ್ಮ ವಿಷಯ ಇಡಬಹುದಾ ಅಂತಲೂ ಅಲ್ಲೇ ಕೇಳಿ. ಕಚೇರಿಯಲ್ಲಿ ಯಾರೂ ಸ್ಪಂದಿಸದಿದ್ದರೆ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬಾಡಿಗೆ ಮನೆಯವರು, ಹಳ್ಳಿಯವರು

ಬಾಡಿಗೆ ಅಥವಾ ಭೋಗ್ಯದ ಮನೆಯಲ್ಲಿದ್ದರೆ ಆಸ್ತಿ ತೆರಿಗೆ ಮಾಲೀಕರದ್ದು. ಕರಾರು ಪತ್ರದಲ್ಲಿ ಬೇರೆ ರೀತಿ ಬರೆದಿದೆಯಾ ನೋಡಿ. ನೀರಿನ ಬಿಲ್ ಸಾಮಾನ್ಯವಾಗಿ ಬಾಡಿಗೆದಾರರ ತಲೆಗೆ ಬರುತ್ತದೆ. ಮನೆ ಹಿಡಿಯುವಾಗ ಹಿಂದಿನವರ ನೀರಿನ ಬಾಕಿ ಇದೆಯಾ ಕೇಳಿಯೇ ಅಡ್ವಾನ್ಸ್ ಕೊಡಿ.

ಊರ ಹೊರಗಿನ ಮನೆ ಗ್ರಾಮ ಪಂಚಾಯಿತಿಗೆ ಸೇರಿದ್ದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಹತ್ತಿರ ಹೋಗಬೇಕು. ಅಲ್ಲಿ ಮೊತ್ತ ಕಡಿಮೆ, ಜನರ ಗುರುತೂ ಇರುತ್ತದೆ. ಅರ್ಜಿ, ಮೊಹರು, ರಸೀದಿ ಮಾತ್ರ ಅಲ್ಲೂ ಬಿಡಬೇಡಿ.

ಬಾಕಿ ಪೂರ್ತಿ ಮುಗಿದ ದಿನ ಮನೆಗೆ ಬರುವ ಮುಂಚೆ ಇನ್ನೊಂದು ಕೆಲಸ ಮಾಡಿ. ವರ್ಷವಾರು ಪಟ್ಟಿಯನ್ನು ಮತ್ತೆ ಒಮ್ಮೆ ತೆಗೆಸಿ, ಎಲ್ಲಾ ಸಾಲುಗಳೂ ಸೊನ್ನೆ ಆಗಿವೆಯಾ ನೋಡಿ. ಒಂದು ವರ್ಷದ್ದು ಐವತ್ತು ರೂಪಾಯಿ ಉಳಿದಿದ್ದರೂ ಆನ್‌ಲೈನಿನಲ್ಲಿ ಬಾಕಿದಾರರೇ ಅಂತ ತೋರಿಸುತ್ತದೆ. ಅದನ್ನೂ ಕಟ್ಟಿ, ಆ ಪ್ರಿಂಟನ್ನು ರಸೀದಿಗಳ ಜೊತೆ ಸೇರಿಸಿ. ಇ-ಖಾತಾ ಇನ್ನೂ ಮಾಡಿಸಿಲ್ಲದಿದ್ದರೆ ಅದೇ ಕಾಗದಗಳನ್ನಿಟ್ಟು ಅರ್ಜಿ ಹಾಕಿ. ಅದು ಇಲ್ಲದೆ ಈಗ ಮನೆ ನೋಂದಣಿ ಆಗುವುದಿಲ್ಲ. ಮುಂದಿನ ಏಪ್ರಿಲ್‌ಗೆ ಈಗಿನಿಂದಲೇ ತಿಂಗಳಿಗೆ ಇನ್ನೂರೋ ಮುನ್ನೂರೋ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕುತ್ತಾ ಬನ್ನಿ.